ಗುಡ್ಡೆ ಜಾಗಕ್ಕೆ ಮಿನಿ ಟ್ರ್ಯಾಕ್ಟರ್: ದುಡ್ಡು ಕೊಡುವ ಮೊದಲು ಏನೇನು ನೋಡಬೇಕು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಳೆತ್ತರ ಬಲ್ಲೆ (ಪೊದೆ) ಬೆಳೆದ ಗುಡ್ಡೆಯನ್ನು ಮಿನಿ ಟ್ರ್ಯಾಕ್ಟರ್ ತಂದು ಸವರಿಬಿಡೋಣ ಅಂತ ಲೆಕ್ಕ ಹಾಕಿದ್ದರೆ ಆ ಲೆಕ್ಕ ಬಿಟ್ಟುಬಿಡಿ. 20–25 ಎಚ್‌ಪಿ ಗಾಡಿಯಿಂದ ಆ ಕೆಲಸ ಆಗುವುದಿಲ್ಲ. ಮೊದಲ ಸಲ ಸವರಲಿಕ್ಕೆ ಕತ್ತಿ ಹಿಡಿದ ನಾಲ್ಕು ಜನ, ಮರ ಕೊಯ್ಯುವ ಮೆಷಿನ್, ಬೇಕಾದರೆ ಎರಡು ದಿನಕ್ಕೆ ಬಾಡಿಗೆಯ ಸಣ್ಣ ಹಿಟಾಚಿ, ಇಷ್ಟೇ ದಾರಿ. ಟ್ರ್ಯಾಕ್ಟರಿನ ಕೆಲಸ ಶುರುವಾಗುವುದು ಆಮೇಲೆ. ನಮ್ಮ ಉಡುಪಿ ಕಡೆ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ ಬೀಳುತ್ತದೆ. ಈ ವರ್ಷ ಸವರಿದ ಜಾಗ ಬರುವ ವರ್ಷ ಸೊಂಟದವರೆಗೆ, ಅದರ ಮುಂದಿನ ವರ್ಷ ತಲೆಯವರೆಗೆ ಬೆಳೆದು ನಿಲ್ಲುತ್ತದೆ. ಅದನ್ನು ಪ್ರತಿ ವರ್ಷ ತಪ್ಪದೆ ಹಿಡಿತದಲ್ಲಿ ಇಡಲಿಕ್ಕೆ, ಸೌದೆ, ಸೊಪ್ಪು, ಗೊಬ್ಬರ ಸಾಗಿಸಲಿಕ್ಕೆ ಗಾಡಿ ಬೇಕು. ಹೀಗೆ ಯೋಚಿಸಿದರೆ ಯಾವ ಗಾಡಿ, ಎಷ್ಟು ದೊಡ್ಡದು, ಜೊತೆಗೆ ಯಾವ ಉಪಕರಣ ಅನ್ನುವುದೆಲ್ಲ ಸುಲಭ ಆಗುತ್ತದೆ.

ನಮ್ಮ ಜಾಗ ಉಡುಪಿ ಹತ್ತಿರದ ಹಿರಿಯಡಕದಿಂದ ಸ್ವಲ್ಪ ಒಳಗೆ. ಒಟ್ಟು ಐದೂವರೆ ಎಕ್ರೆ. ಕೆಳಗೆ ಒಂದೂವರೆ ಎಕ್ರೆ ಅಡಿಕೆ ತೋಟ, ಮೇಲೆ ಗುಡ್ಡೆಯಲ್ಲಿ ಹಳೆಯ ಗೇರು, ಒಂದಿಷ್ಟು ಅಕೇಶಿಯಾ, ಅದರಾಚೆ ಹಾಡಿ, ಅಂದರೆ ಸಣ್ಣ ಕಾಡು. ಅಪ್ಪನ ಕಾಲದಲ್ಲಿ ಸೊಪ್ಪಿಗೆ, ಸೌದೆಗೆ ಅಂತ ಜನ ದಿನಾ ಗುಡ್ಡೆಗೆ ಹೋಗುತ್ತಿದ್ದರು, ದನಗಳೂ ಮೇಯುತ್ತಿದ್ದವು. ಹಾಗಾಗಿ ಬಲ್ಲೆ ಬೆಳೆಯುತ್ತಿರಲಿಲ್ಲ. ಹಟ್ಟಿ ಖಾಲಿಯಾಯಿತು, ಮನೆಗೆ ಗ್ಯಾಸ್ ಬಂತು, ಗುಡ್ಡೆ ಕಾಡಾಯಿತು. ನಿಮ್ಮಲ್ಲೂ ಹೀಗೇ ಅಲ್ವಾ?

ಶೋರೂಮಿಗೆ ಹೋಗುವ ಮೊದಲು ಒಂದು ಟೇಪು, ಹತ್ತು ಅಡಿಯ ನೇರ ಬಿದಿರು ಹಿಡಿದುಕೊಂಡು ಜಾಗ ಪೂರ್ತಿ ನಡೆಯಿರಿ. ಡಿಸೆಂಬರ್, ಜನವರಿ ಇದಕ್ಕೆ ಒಳ್ಳೆಯ ಸಮಯ. ದಾರಿ ಎಲ್ಲಿ ಅತಿ ಕಿರಿದು ಅಂತ ಅಳೆದು ಬರೆದುಕೊಳ್ಳಿ. ಗೇಟು, ತೋಡಿನ ಮೇಲಿನ ಸಂಕ, ಬಾವಿಯ ಪಕ್ಕದ ತಿರುವು, ಎರಡು ಬರೆಗಳ (ಮಣ್ಣಿನ ದಿಣ್ಣೆಗಳ) ನಡುವಿನ ದಾರಿ, ಯಾವುದನ್ನೂ ಬಿಡಬೇಡಿ. ಮಿನಿ ಟ್ರ್ಯಾಕ್ಟರಿನ ಅಗಲ ಸಾಮಾನ್ಯವಾಗಿ ಮೂರರಿಂದ ನಾಲ್ಕು ಅಡಿ, ಆದರೆ ಹಿಂದೆ ಕಟ್ಟುವ ಸ್ಲ್ಯಾಶರ್ (ಬ್ಲೇಡು ತಿರುಗಿ ಬಲ್ಲೆ ಸವರುವ ಉಪಕರಣ) ಅಥವಾ ಟ್ರೈಲರ್ ಅದಕ್ಕಿಂತ ಅಗಲ ಇರಬಹುದು, ಮತ್ತು ತಿರುವಿನಲ್ಲಿ ಟ್ರೈಲರ್ ಒಳಗಿನ ಬದಿಗೆ ಎಳೆದುಕೊಳ್ಳುತ್ತದೆ. ನಮ್ಮ ಬಾವಿಯ ತಿರುವು ಐದು ಅಡಿ ಇತ್ತು. ನೇರ ದಾರಿಗಾದರೆ ಸಾಕಿತ್ತು, ಟ್ರೈಲರ್ ತಿರುಗಲಿಕ್ಕೆ ಸಾಲಲಿಲ್ಲ. ಬರೆಯನ್ನು ಎರಡು ಅಡಿ ಕಡಿಸಿ ಮುರಕಲ್ಲು (ಜಂಬಿಟ್ಟಿಗೆ) ಕಟ್ಟಿಸಬೇಕಾಯಿತು. ಆ ಖರ್ಚು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಅಡಿಕೆ ತೋಟದ ಒಳಗೂ ಓಡಿಸಬಹುದು ಅಂತ ಮಾರುವವರು ಹೇಳುತ್ತಾರೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಹೊಸ, ಸಮತಟ್ಟು ತೋಟದಲ್ಲಿ ಹೌದು. ಹಳೆಯ ತೋಟದಲ್ಲಿ ಎರಡು ಸಾಲಿಗೊಂದು ಕಣಿ (ನೀರು ಹರಿಯುವ ಕಾಲುವೆ), ಅದರ ಮೇಲೆ ಸ್ಪ್ರಿಂಕ್ಲರ್ ಪೈಪು, ನಡುವೆ ಕೊಕ್ಕೊ, ಬಾಳೆ ಇದ್ದರೆ ಗಾಡಿ ಒಳಗೆ ಹೋಗುವುದಿಲ್ಲ, ಹೋದರೆ ಕಣಿ ಕುಸಿಯುತ್ತದೆ, ಅಡಿಕೆಯ ಬೇರು ಮೇಲೆಯೇ ಹರಡಿರುವುದರಿಂದ ಮರಕ್ಕೂ ಪೆಟ್ಟು. ತೋಟಕ್ಕೆ ಮಾತ್ರ ಬೇಕು ಅಂತಾದರೆ ಕಳೆ ತೆಗೆಯುವ ಪವರ್ ವೀಡರ್, ಸಾಮಾನು ಸಾಗಿಸುವ ಸಣ್ಣ ಮೋಟೋಕಾರ್ಟ್, ಕೈಯಲ್ಲಿ ಹಿಡಿಯುವ ಹುಲ್ಲು ಕಟಾವು ಯಂತ್ರ ಸಾಕು. ಓಡಾಡುವಂಥ ಗುಡ್ಡೆ ಜಾಗ ಎರಡು ಎಕ್ರೆಗಿಂತ ಕಡಿಮೆ ಇದ್ದರೂ ನನ್ನ ಸಲಹೆ ಅದೇ. ವರ್ಷಕ್ಕೆ ನಾಲ್ಕೈದು ದಿನದ ಕೆಲಸಕ್ಕೆ ಗಾಡಿ ಕೊಳ್ಳುವ ಬದಲು ಸರ್ಕಾರದ ಯೋಜನೆಯ ಬಾಡಿಗೆ ಯಂತ್ರ ಕೇಂದ್ರವಾದ ಕೃಷಿ ಯಂತ್ರಧಾರೆಯಿಂದ ಬಾಡಿಗೆಗೆ ಸಿಗುತ್ತದಾ ಕೇಳಿ.

ಈಗ ಇಳಿಜಾರು. ಇದನ್ನು ಕಣ್ಣಳತೆಯಲ್ಲಿ ಹೇಳಬೇಡಿ. ಹತ್ತು ಅಡಿಯ ಬಿದಿರಿನ ಒಂದು ತುದಿಯನ್ನು ಮೇಲಿನ ಬದಿಯ ನೆಲಕ್ಕೆ ತಾಗಿಸಿ, ಬಿದಿರನ್ನು ಮಟ್ಟಸವಾಗಿ ಹಿಡಿಯಿರಿ, ಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟರೆ ಗೊತ್ತಾಗುತ್ತದೆ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಅಂತ ಅಳೆಯಿರಿ. ಒಂದೂವರೆ ಅಡಿಯೊಳಗೆ ಇದ್ದರೆ ನಿಶ್ಚಿಂತೆಯಿಂದ ಕೆಲಸ ಮಾಡಬಹುದು. ಎರಡು ಅಡಿ ದಾಟಿದರೆ ನೇರ ಮೇಲೆ ಕೆಳಗೆ ಮಾತ್ರ, ಅದೂ ನೆಲ ಒಣಗಿದಾಗ. ಎರಡೂವರೆ ಅಡಿ ಅಂದರೆ ಸುಮಾರು 14 ಡಿಗ್ರಿ ಇಳಿಜಾರು. ಅಂಥ ಕಡೆ ಅಡ್ಡಕ್ಕೆ ಓಡಿಸುವ ಯೋಚನೆಯೇ ಬೇಡ, ಆ ಜಾಗವನ್ನು ಹಾಡಿಯಾಗಿಯೇ ಬಿಡಿ. ನಾನು ಹೀಗೆ ಅಳೆದು ನೋಡಿದಾಗ ನಮ್ಮ ನಾಲ್ಕು ಎಕ್ರೆ ಗುಡ್ಡೆಯಲ್ಲಿ ಟ್ರ್ಯಾಕ್ಟರ್ ಓಡುವ ಜಾಗ ಎರಡೂಮುಕ್ಕಾಲು ಎಕ್ರೆ ಮಾತ್ರ ಇತ್ತು. ಉಳಿದದ್ದಕ್ಕೆ ಇವತ್ತಿಗೂ ಕತ್ತಿಯೇ.

ನಡೆಯುವಾಗ ಬಲ್ಲೆಯ ಒಳಗೆ ಏನಿದೆ ಅಂತಲೂ ಗುರುತು ಮಾಡಿ. ಕಟ್ಟೆ ಇಲ್ಲದ ಹಳೆಯ ಬಾವಿ, ಬಿಟ್ಟುಹೋದ ಕಲ್ಲಿನ ಕೋರೆ, ಗಡಿಯ ಅಗಳು (ಕಂದಕ), ಬಿದ್ದ ಬೇಲಿಯ ಮುಳ್ಳುತಂತಿ, ಹುತ್ತ. ಎಲ್ಲದಕ್ಕೂ ಉದ್ದದ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ. ನಾಗಬನ ಇದ್ದರೆ ಅದರ ಸುತ್ತ ದೊಡ್ಡ ಅಂತರ ಬಿಟ್ಟೇ ಗಾಡಿಯ ದಾರಿ ಮಾಡಿ, ಅಲ್ಲಿನ ಮರ ಬಳ್ಳಿಗೆ ಕೈ ಹಾಕಲೇಬೇಡಿ. ಇನ್ನೊಂದು, ವರ್ಗ ಜಾಗ (ನಮ್ಮ ಸ್ವಂತ ಪಟ್ಟಾ ಜಾಗ) ಎಲ್ಲಿ ಮುಗಿಯುತ್ತದೆ, ಕುಮ್ಕಿ ಎಲ್ಲಿ ಶುರುವಾಗುತ್ತದೆ ಅಂತ ಸರ್ವೆ ನಕ್ಷೆ ನೋಡಿ ಖಚಿತ ಮಾಡಿಕೊಳ್ಳಿ. ಕುಮ್ಕಿ ಅಂದರೆ ವರ್ಗಕ್ಕೆ ತಾಗಿದ ಸರ್ಕಾರದ ಜಾಗ, ಸೊಪ್ಪು ತರಗೆಲೆಯ ಹಕ್ಕು ನಮಗಿದ್ದರೂ ಮರ ನಮ್ಮದಲ್ಲ. ಸ್ವಂತ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಉಂಟು. ಕೆಲವು ಜಾತಿಗೆ ವಿನಾಯಿತಿ ಇದೆ, ಉಳಿದದ್ದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಯೇ ಮರಕ್ಕೆ ಮೆಷಿನ್ ಇಡಿ.

ಇಷ್ಟಾದ ಮೇಲೆ ಗಾಡಿಯ ಮಾತು.

ಎಲ್ಲರೂ ಮೊದಲು ಕೇಳುವುದು ಎಚ್‌ಪಿ ಎಷ್ಟು ಅಂತ. ನಮ್ಮ ಕೆಲಸಕ್ಕೆ 20ರಿಂದ 28 ಎಚ್‌ಪಿ ಸಾಕು. ಆದರೆ ಬಾನೆಟ್ ಮೇಲೆ ಬರೆದದ್ದು ಇಂಜಿನ್ನಿನ ಎಚ್‌ಪಿ. ಸ್ಲ್ಯಾಶರ್ ತಿರುಗಿಸುವುದು ಪಿಟಿಒ, ಅಂದರೆ ಹಿಂದೆ ತಿರುಗುವ ಶಾಫ್ಟಿಗೆ ತಲುಪುವ ಶಕ್ತಿ, ಅದು ಸಾಮಾನ್ಯವಾಗಿ ಇಂಜಿನ್ನಿನ ಶಕ್ತಿಗಿಂತ ನೂರಕ್ಕೆ ಹತ್ತು ಹದಿನೈದು ಕಡಿಮೆ. ಇದನ್ನು ಮಾರುವವರ ಬಾಯಿಂದ ಕೇಳುವುದಕ್ಕಿಂತ ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಯ ವರದಿ ನೋಡುವುದು ಒಳ್ಳೆಯದು. ಪಿಟಿಒ ಶಕ್ತಿ, ಡೀಸೆಲ್ ಖರ್ಚು, ಹೈಡ್ರಾಲಿಕ್ ಎಷ್ಟು ಎತ್ತುತ್ತದೆ, ಬ್ರೇಕ್ ಹೇಗಿದೆ, ಎಲ್ಲ ಅದರಲ್ಲಿ ಇರುತ್ತದೆ. ನಿಮ್ಮ ಮಾಡೆಲ್ಲಿನ ವರದಿ ಕೊಡಿ ಅಂತ ಡೀಲರಿನ ಹತ್ತಿರವೇ ಕೇಳಿ. ಕೇಳಿದ ಕೂಡಲೇ ನಿಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಎಚ್‌ಪಿಗಿಂತ ಮುಖ್ಯ ಫೋರ್ ವೀಲ್ ಡ್ರೈವ್. ಇದರಲ್ಲಿ ದುಡ್ಡು ಉಳಿಸಬೇಡಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಸಿಮೆಂಟಿನಷ್ಟು ಗಟ್ಟಿ, ಮೇಲೆ ಗೋಲಿಯಂತೆ ಉರುಳುವ ಸಣ್ಣ ಕಲ್ಲು. ಮಳೆಗಾಲದಲ್ಲಿ ಅದೇ ನೆಲಕ್ಕೆ ಪಾಚಿ ಹಿಡಿದು ಜಾರುತ್ತದೆ. ಎರಡು ಚಕ್ರ ಮಾತ್ರ ಎಳೆಯುವ ಗಾಡಿ ಎರಡೂ ಕಾಲದಲ್ಲಿ ಒದ್ದಾಡುತ್ತದೆ. ಇಳಿಯುವಾಗಲೂ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಹಿಡಿತ ಇರುವುದು ದೊಡ್ಡ ಧೈರ್ಯ. ಡಿಫರೆನ್ಷಿಯಲ್ ಲಾಕ್ ಇರಲೇಬೇಕು, ಒಂದು ಚಕ್ರ ಕೆಸರಿನಲ್ಲಿ ಸುಮ್ನೆ ತಿರುಗುವಾಗ ಅದನ್ನು ಒತ್ತಿದರೆ ಇನ್ನೊಂದು ಚಕ್ರ ಎಳೆದುಕೊಂಡು ಬರುತ್ತದೆ.

ಬ್ರೇಕು ಎಣ್ಣೆಯಲ್ಲಿ ಮುಳುಗಿರುವ ಡಿಸ್ಕ್ ಬ್ರೇಕೇ ಆಗಿರಲಿ. ನಮ್ಮ ಕೆಸರು ನೀರಿನಲ್ಲಿ ಡ್ರೈ ಬ್ರೇಕ್ ನಂಬಿ ಗುಡ್ಡೆ ಇಳಿಯುವುದು ಬೇಡ. ಕ್ಲಚ್ ವಿಷಯ ಕೊಳ್ಳುವವರು ಜಾಸ್ತಿ ಕೇಳುವುದಿಲ್ಲ, ಆದರೆ ಸ್ಲ್ಯಾಶರ್ ಹಾಕುವವರು ಕೇಳಲೇಬೇಕು. ಸಿಂಗಲ್ ಕ್ಲಚ್ ಗಾಡಿಯಲ್ಲಿ ಗೇರ್ ಬದಲಿಸಲು ಕ್ಲಚ್ ಒತ್ತಿದರೆ ಪಿಟಿಒಗೆ ಹೋಗುವ ಶಕ್ತಿಯೂ ನಿಲ್ಲುತ್ತದೆ, ದಟ್ಟ ಬಲ್ಲೆಯ ಮಧ್ಯೆ ಬ್ಲೇಡು ಸೋತು ಅದಕ್ಕೆ ಬಳ್ಳಿ ಸುತ್ತಿಕೊಳ್ಳುತ್ತದೆ. ಡಬಲ್ ಕ್ಲಚ್ ಅಥವಾ ಪ್ರತ್ಯೇಕ ಪಿಟಿಒ ಇದ್ದರೆ ಗಾಡಿ ನಿಂತರೂ ಬ್ಲೇಡು ತಿರುಗುತ್ತಲೇ ಇರುತ್ತದೆ. ಸೈಲೆನ್ಸರ್ ಮೇಲಕ್ಕೆ ನಿಂತಿದ್ದರೆ ಗೇರುಮರದ ಬಾಗಿದ ಕೊಂಬೆಗೆಲ್ಲ ತಾಗುತ್ತದೆ. ಕೆಳಗೆ ಅಥವಾ ಬದಿಗೆ ಬಿಟ್ಟದ್ದು ನೋಡಿ. ಆದರೆ ಕೆಳಗಿನ ಸೈಲೆನ್ಸರಿಗೆ ಒಣ ಹುಲ್ಲು ಸಿಕ್ಕಿ ಬೆಂಕಿ ಹಿಡಿಯುವ ಅಪಾಯ ಇರುವುದರಿಂದ ದಿನಾ ಕೆಲಸ ಮುಗಿದ ಮೇಲೆ ಅಲ್ಲಿನ ಕಸ ತೆಗೆಯಬೇಕು. ಸೀಟಿನ ಹಿಂದೆ ಉರುಳಿದರೆ ಕಾಪಾಡುವ ಕಬ್ಬಿಣದ ಕಮಾನು ಇಲ್ಲದ ಗಾಡಿಯನ್ನು ಗುಡ್ಡೆಗೆ ತರಲೇಬೇಡಿ. ಕಮಾನು ಇದ್ದರೆ ಬೆಲ್ಟ್ ಹಾಕಿ ಕೂರಿ. ಕಮಾನು ಇಲ್ಲದ ಗಾಡಿಯಲ್ಲಿ ಬೆಲ್ಟ್ ಹಾಕುವುದು ಅಪಾಯ, ಅದೂ ನೆನಪಿರಲಿ.

ಯಾವ ಕಂಪೆನಿ? ಮಹೀಂದ್ರ ಜೀವೊ 245, ಕುಬೋಟಾದ ನಿಯೋಸ್ಟಾರ್ ಎ211ಎನ್ ಮತ್ತು ಬಿ2441, ವಿಎಸ್‌ಟಿಯ 224, ಜಾನ್ ಡೀರ್ 3028 ಇಎನ್, 2023ರಲ್ಲಿ ಬಂದ ಮಹೀಂದ್ರ ಓಜಾ, ಎಲ್ಲ ಈ ಅಳತೆಯ ಗಾಡಿಗಳೇ. ನಾನು ಒಂದರ ಹೆಸರು ಹಿಡಿದು ಇದೇ ತೆಗೆದುಕೊಳ್ಳಿ ಅನ್ನುವುದಿಲ್ಲ. ನಿಮ್ಮ ಮನೆಯಿಂದ ಒಂದು ಗಂಟೆಯೊಳಗೆ ಬರುವ ಮೆಕ್ಯಾನಿಕ್ ಯಾವ ಕಂಪೆನಿಗೆ ಇದ್ದಾನೆ, ಫಿಲ್ಟರ್, ಬೆಲ್ಟ್, ಸೀಲ್ ಉಡುಪಿಯಲ್ಲೋ ಮಂಗಳೂರಿನಲ್ಲೋ ಅದೇ ದಿನ ಸಿಗುತ್ತದಾ, ಇದನ್ನು ನೋಡಿ. ದೊಡ್ಡ ಟ್ರ್ಯಾಕ್ಟರ್ ಓಡುವ ಬಯಲುಸೀಮೆಯಂತಲ್ಲ ನಮ್ಮ ಕರಾವಳಿ, ಕೆಲವು ಬಿಡಿಭಾಗಕ್ಕೆ ಹುಬ್ಬಳ್ಳಿ, ಶಿವಮೊಗ್ಗದ ದಾರಿ ಕಾಯಬೇಕಾಗುತ್ತದೆ. ಹತ್ತಿರದಲ್ಲಿ ಅದೇ ಗಾಡಿ ಇಟ್ಟುಕೊಂಡ ಇಬ್ಬರನ್ನಾದರೂ ಮಾತಾಡಿಸಿ.

ಟ್ರಯಲ್ ಮಾತ್ರ ನಿಮ್ಮ ಜಾಗದಲ್ಲೇ ಆಗಬೇಕು. ನಾನು ಮೊದಲು ಹೋದ ಡೀಲರ್ ಮೈದಾನದಲ್ಲಿ ಎರಡು ಸುತ್ತು ಹೊಡೆಸಿ, ನೋಡಿ ಎಷ್ಟು ನಯ ಅಂದರು. ಗುಡ್ಡೆಗೆ ತನ್ನಿ ಅಂದದ್ದಕ್ಕೆ ಮೂರು ವಾರ ಸತಾಯಿಸಿದರು, ಬರಲಿಲ್ಲ. ಎರಡನೆಯವರು ಆಗಸ್ಟಿನಲ್ಲೇ ಪಿಕಪ್‌ನಲ್ಲಿ ಹಾಕಿಕೊಂಡು ಬಂದರು. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಗೇರುಮರಗಳ ಕೆಳಗಿನ ಏರಿನಲ್ಲಿ ಡ್ರೈವರ್ ಒಮ್ಮೆ ಇಳಿದು ಕಾಲಿನಿಂದ ಪಾಚಿ ಉಜ್ಜಿ ನೋಡಿದ. "ಅಣ್ಣಾ, ಇಳಿಸ್ಲಿಕ್ಕೆ ಆಗ್ತದೆ, ಹತ್ತಿಸುವಾಗ ಹಿಂದೆ ಯಾರೂ ನಿಲ್ಬೇಡಿ" ಅಂದ. ಮೊದಲು ಎರಡು ಚಕ್ರದಲ್ಲಿ ಹತ್ತಿಸಿದ, ಅರ್ಧದಲ್ಲಿ ಹಿಂದಿನ ಟೈರು ಕೆಂಪು ನೀರು ಚಿಮ್ಮಿಸಿ ಸುತ್ತತೊಡಗಿತು, ಗಾಡಿ ಒಂದಡಿ ಪಕ್ಕಕ್ಕೆ ಜಾರಿತು. ಕೆಳಗಿಳಿಸಿ ಮುಂದಿನ ಚಕ್ರದ ಲಿವರ್ ಹಾಕಿ, ಲೋ ಗೇರಿನಲ್ಲಿ ಮತ್ತೆ ಬಿಟ್ಟ. ಅದೇ ಜಾಗದಲ್ಲಿ ಸ್ವಲ್ಪವೂ ಅಲುಗಾಡದೆ ನಡೆದುಕೊಂಡು ಹೋದ ಹಾಗೆ ಹತ್ತಿತು. ಆ ಹತ್ತು ನಿಮಿಷದಲ್ಲಿ ನನಗೆ ಬೇಕಾದ ಉತ್ತರ ಸಿಕ್ಕಿತು. ಮಳೆಗಾಲದಲ್ಲಿ ಟ್ರಯಲ್ ಕೇಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ದುಡ್ಡಿನಲ್ಲಿ ಮೂರನೇ ಒಂದು ಪಾಲು ಉಪಕರಣಕ್ಕೆ ತೆಗೆದಿಡಿ. ಬರೀ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದರೆ ಕೆಲಸ ಆಗುವುದಿಲ್ಲ. ನಮ್ಮ ಕಡೆಗೆ ಮೊದಲು ಬೇಕಾದದ್ದು ಸ್ಲ್ಯಾಶರ್. ನಾಲ್ಕು ಅಡಿ ಅಗಲ ಸಾಕು. ಬ್ಲೇಡು ಗಟ್ಟಿಯಾಗಿ ಬಿಗಿದದ್ದು ಬೇಡ, ಕಲ್ಲಿಗೆ ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುವಂತೆ ಬೋಲ್ಟಿನಲ್ಲಿ ತೂಗುವ ಬ್ಲೇಡಿನದು ತೆಗೆದುಕೊಳ್ಳಿ. ಶಾಫ್ಟಿನಲ್ಲಿ ಶಿಯರ್ ಬೋಲ್ಟ್ ಅಥವಾ ಸ್ಲಿಪ್ ಕ್ಲಚ್ ಇರಬೇಕು, ಬುಡಕ್ಕೆ ಬಡಿದಾಗ ಐದು ರೂಪಾಯಿಯ ಬೋಲ್ಟ್ ಮುರಿದು ಗೇರ್‌ಬಾಕ್ಸ್ ಉಳಿಯುತ್ತದೆ. ನೆಲದಿಂದ ಐದು ಇಂಚು ಮೇಲೆ ಇಟ್ಟು ಓಡಿಸಿ. ಕಲ್ಲು ಬಂದೂಕಿನ ಗುಂಡಿನ ಹಾಗೆ ಹಾರುತ್ತದೆ, ಮುನ್ನೂರು ಅಡಿಯೊಳಗೆ ಜನ, ದನ, ನಾಯಿ ಇರಬಾರದು.

ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ. ಹಳೆಯ ಗಡಿಬೇಲಿಯ ಬಳಿ ಬಲ್ಲೆಯ ಒಳಗೆ ತಂತಿ ಇದೆಯಾ ಅಂತ ನಡೆದು ನೋಡದೆ ಸ್ಲ್ಯಾಶರ್ ಬಿಟ್ಟೆ. ತುಕ್ಕು ಹಿಡಿದ ಮುಳ್ಳುತಂತಿ ಇಪ್ಪತ್ತು ಅಡಿಯಷ್ಟು ಒಂದೇ ಕ್ಷಣದಲ್ಲಿ ಒಳಗೆ ಸೆಳೆದುಕೊಂಡು ಬ್ಲೇಡಿನ ಕೆಳಗಿನ ಶಾಫ್ಟಿಗೆ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿತು. ಇಂಜಿನ್ ಬಂದ್ ಮಾಡಿ, ಕೀ ಕಿಸೆಗೆ ಹಾಕಿಕೊಂಡು, ಕಟ್ಟಿಂಗ್ ಪ್ಲೇಯರ್ ಹಿಡಿದು ಎರಡು ಗಂಟೆ ಮಲಗಿ ಬಿಡಿಸಿದೆ. ತಂತಿ ಬಂತು, ಆದರೆ ಎಣ್ಣೆ ಸೀಲ್ ಕೊಯ್ದುಹೋಗಿತ್ತು. ಎರಡು ದಿನ ಬಿಟ್ಟು ನೋಡಿದರೆ ಗೇರ್‌ಬಾಕ್ಸಿನ ಎಣ್ಣೆ ಪೂರ್ತಿ ನೆಲದಲ್ಲಿತ್ತು. ತಂತಿ ಇರುವ ಸಾಲನ್ನು ಮೊದಲು ಕೈಯಲ್ಲೇ ಬಿಡಿಸಿ ತೆಗೆಯಿರಿ. ಹಾಗೆಯೇ ಕತ್ತಿಯಲ್ಲಿ ಗಿಡ ಕಡಿಯುವವರಿಗೆ ಬುಡವನ್ನು ನೆಲಮಟ್ಟಕ್ಕೆ, ಅಡ್ಡಕ್ಕೆ ಕಡಿಯಲಿಕ್ಕೆ ಹೇಳಿ. ಓರೆಯಾಗಿ ಕಡಿದ ಬುಡ ಒಣಗಿದರೆ ಮೊಳೆಯಂತೆ ಟೈರಿಗೆ ನಾಟುತ್ತದೆ.

ಎರಡನೆಯದು ಟ್ರೈಲರ್, ಒಂದು ಟನ್ನಿನದು, ಹೈಡ್ರಾಲಿಕ್‌ನಲ್ಲಿ ಸುರಿಯುವಂಥದು. ಸೌದೆ, ಗೊಬ್ಬರ, ಕಲ್ಲು, ತೆಂಗಿನಕಾಯಿ, ವರ್ಷಪೂರ್ತಿ ಉಪಯೋಗ ಆಗುವುದು ಇದೇ. ಮೂರನೆಯದು ಅಡಿಕೆ ಇದ್ದವರಿಗೆ ಪಿಟಿಒದಲ್ಲಿ ಓಡುವ ಸ್ಪ್ರೇ ಪಂಪು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಗಾಡಿಯನ್ನು ತೋಟದ ಅಂಚಿನಲ್ಲಿ ನಿಲ್ಲಿಸಿ ಉದ್ದದ ಪೈಪ್ ಎಳೆದರೆ ಸಾಕು. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಕೆಲಸ ಮುಗಿದ ಕೂಡಲೇ ಪಂಪಿನಲ್ಲಿ ಹತ್ತು ನಿಮಿಷ ಬರೀ ನೀರು ಓಡಿಸಿ. ಗುಂಡಿ ತೋಡುವ ಆಗರ್ ಸ್ವಂತಕ್ಕೆ ಬೇಡ, ಬಾಡಿಗೆಗೆ ತನ್ನಿ, ಒಂದೆರಡು ಮಳೆ ಬಿದ್ದು ಮುರಕಲ್ಲು ಮೆತ್ತಗಾದ ಮೇಲೆ. ಮಣ್ಣು ಹುಡಿ ಮಾಡುವ ರೋಟವೇಟರ್ ಗದ್ದೆ ಇದ್ದವರಿಗೆ ಸರಿ, ಗುಡ್ಡೆಯಲ್ಲಿ ಹಾಕಿದರೆ ಬ್ಲೇಡು ಮುರಿಯುತ್ತದೆ, ಸಡಿಲಾದ ಮೇಲ್ಮಣ್ಣು ಜೂನಿನ ಮೊದಲ ಮಳೆಗೇ ತೋಡು ಸೇರುತ್ತದೆ. ಮುಂದಿನ ಲೋಡರ್ ನೋಡಲಿಕ್ಕೆ ಚಂದ, ಆದರೆ ಇಳಿಜಾರಿನಲ್ಲಿ ಬಕೆಟ್ ಎತ್ತಿದ ಸಣ್ಣ ಗಾಡಿ ಮಗುಚುವುದು ಬೇಗ. ನಾನು ಹಾಕಿಸಲಿಲ್ಲ.

ಹಳೆಯ ಗಾಡಿ ಕೊಳ್ಳುವವರು ಇಂಜಿನ್ ತಣ್ಣಗಿರುವಾಗಲೇ ಹೋಗಿ, ಅವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಹಿಂದೆ ಭಾರ ಎತ್ತಿಸಿ ಇಂಜಿನ್ ಬಂದ್ ಮಾಡಿ ಹದಿನೈದು ನಿಮಿಷ ನೋಡಿ, ಭಾರ ಬೇಗ ಇಳಿದರೆ ಹೈಡ್ರಾಲಿಕ್ ಸೋತಿದೆ. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಕೆಸರುಗದ್ದೆಯಲ್ಲಿ ಓಡಿದ ಗಾಡಿ ಅದು. ಮೀಟರ್ 600 ಗಂಟೆ ತೋರಿಸಿ ಪೆಡಲಿನ ರಬ್ಬರ್ ಪೂರ್ತಿ ಸವೆದಿದ್ದರೆ ಮೀಟರನ್ನು ನಂಬಬೇಡಿ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ತೆಗೆದಿದೆಯಾ ನೋಡಿಯೇ ದುಡ್ಡು ಕೊಡಿ.

ಹೊಸದಕ್ಕಾದರೆ ಫೋರ್ ವೀಲ್ ಡ್ರೈವ್ ಗಾಡಿಗೆ ಮಾಡೆಲ್ ನೋಡಿಕೊಂಡು ಸುಮಾರು ಐದರಿಂದ ಎಂಟು ಲಕ್ಷ ಅಂತ ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿ. ಸಬ್ಸಿಡಿ ಬೇಕಾದರೆ ಕೊಳ್ಳುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಪಹಣಿ, ಆಧಾರ್, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಹಿಡಿದುಕೊಂಡು. ಗಾಡಿ ತಂದ ಮೇಲೆ ಅರ್ಜಿ ಹಾಕುತ್ತೇನೆ ಅಂದರೆ ಕೆಲಸ ಕೆಡುತ್ತದೆ. ಸಾಲಕ್ಕೆ ಮೊದಲು ನಿಮ್ಮ ಊರಿನ ಸಹಕಾರಿ ಸಂಘದಲ್ಲಿ ಕೇಳಿ, 2023ರ ರಾಜ್ಯ ಬಜೆಟ್‌ನಲ್ಲಿ ಶೇಕಡಾ 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿಯನ್ನು 15 ಲಕ್ಷಕ್ಕೆ ಏರಿಸಿದ್ದಾರೆ. ಖಾಸಗಿ ಫೈನಾನ್ಸಿನ ಬಡ್ಡಿ ನೋಡಿದ ಮೇಲೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಗಾಡಿ ಬಂದ ಮೇಲೆ ಎಲ್ಲರಿಗೂ ಆಸೆ ಆಗುವುದು ಮರದ ಬುಡಕ್ಕೆ ಚೈನ್ ಕಟ್ಟಿ ಎಳೆಯಲಿಕ್ಕೆ. ದಯವಿಟ್ಟು ಬೇಡ. ಚೈನನ್ನು ಹಿಂದಿನ ಆಕ್ಸಲಿಗೋ ಮೇಲಿನ ಲಿಂಕಿಗೋ ಕಟ್ಟಿ ಎಳೆದರೆ ಬುಡ ಅಲುಗದೆ ಗಾಡಿಯ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಒಂದು ಸೆಕೆಂಡಿನೊಳಗೆ ಕೈ ಮೀರುತ್ತದೆ, ಕ್ಲಚ್ ಒತ್ತಲಿಕ್ಕೂ ಸಮಯ ಸಿಗುವುದಿಲ್ಲ. ಕಡಿದು ಮಲಗಿಸಿದ ಕೊಂಬೆ ಎಳೆಯುವುದಾದರೂ ಕೆಳಗಿನ ಡ್ರಾಬಾರಿಗೇ (ಟ್ರೈಲರ್ ಕಟ್ಟುವ ಕಬ್ಬಿಣದ ಪಟ್ಟಿಗೇ) ಕಟ್ಟಿ, ಲೋ ಗೇರಿನಲ್ಲಿ ಎಳೆಯಿರಿ. ಬುಡ ಕೀಳುವುದು ಹಿಟಾಚಿಯ ಕೆಲಸ. ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಿದರೆ ಭಾರ ಕೆಳಗೆ ಕೂತು ಇಳಿಜಾರಿನಲ್ಲಿ ಗಾಡಿ ಹೆಚ್ಚು ಭದ್ರ. ಟೈರಿನ ಅಂಗಡಿಯಲ್ಲೇ ಮಾಡಿಕೊಡುತ್ತಾರೆ.

ಕೊನೆಗೆ ಯಾವಾಗ ಓಡಿಸಬೇಕು ಅನ್ನುವುದು. ನಮ್ಮ ಗುಡ್ಡೆಯ ದೊಡ್ಡ ಉಪದ್ರ ಕಮ್ಯುನಿಸ್ಟ್ ಗಿಡ ಅಂತ ಕರೆಯುವ ಕ್ರೊಮೊಲಿನಾ. ಅದು ನವೆಂಬರ್, ಡಿಸೆಂಬರಿನಲ್ಲಿ ಹೂ ಬಿಡುತ್ತದೆ, ಬೀಜ ಗಾಳಿಯಲ್ಲಿ ಹತ್ತಿಯ ಎಳೆಯಂತೆ ಹಾರಿ ಊರೆಲ್ಲ ಹರಡುತ್ತದೆ. ಹಾಗಾಗಿ ಮಳೆ ಬಿಟ್ಟು ನೆಲ ಸ್ವಲ್ಪ ಗಟ್ಟಿಯಾದ ಅಕ್ಟೋಬರಿನಲ್ಲಿ, ಹೂ ಬಿಡುವ ಮೊದಲು ಒಮ್ಮೆ ಸ್ಲ್ಯಾಶರ್ ಹಾಕಬೇಕು. ಬುಡದಿಂದ ಮತ್ತೆ ಚಿಗುರುತ್ತದೆ, ಅದಕ್ಕೆ ಮೇ ತಿಂಗಳಲ್ಲಿ ಇನ್ನೊಮ್ಮೆ. ಹುಡಿಯಾದ ಸೊಪ್ಪನ್ನು ಸುಡಬೇಡಿ, ಗೇರಿನ ಬುಡಕ್ಕೆ ಹಾಕಿ. ಮಾರ್ಚಿನಲ್ಲಿ ಗಡಿಯುದ್ದಕ್ಕೂ ಎರಡು ಸುತ್ತು ಸವರಿ ಎಂಟು ಅಡಿಯ ಬೆಂಕಿ ತಡೆಯುವ ದಾರಿ ಬಿಡಿ. ಮೂರು ವರ್ಷ ಹೀಗೆ ಮಾಡಿದ ಮೇಲೆ ನಮ್ಮ ಗೇರಿನ ಕೆಳಗೆ ಈಗ ಬರೀ ಹುಲ್ಲು ಬೆಳೆಯುತ್ತದೆ. ಕಳೆದ ಏಪ್ರಿಲಿನಲ್ಲಿ ಅಮ್ಮ ಬಹಳ ವರ್ಷಗಳ ನಂತರ ಚಪ್ಪಲಿ ಹಾಕಿಕೊಂಡು ಮೇಲಿನವರೆಗೆ ನಡೆದು ಗೇರುಬೀಜ ಹೆಕ್ಕಿಕೊಂಡು ಬಂದರು.